ಭಾವಚಿತ್ರಕಾರನ ಮಾಗಿಕಾಲ

ಮನುಷ್ಯನ ಮುಖವನ್ನು ಇದ್ದಂತೆಯೇ ಬರೆಯುವುದು ಚಿತ್ರಕಲೆಯ ಅತ್ಯಂತ ಕಠಿಣವಾದ ಕೆಲಸಗಳಲ್ಲೊಂದು. ಚಿತ್ರದಲ್ಲಿ ಮರದ ಕೊಂಬೆ ತುಸು ಅತ್ತಿತ್ತ ಸರಿದರೆ ಯಾರೂ ಆಕ್ಷೇಪಿಸುವುದಿಲ್ಲ. ತುಟಿಯ ಕೊನೆ ಎಳ್ಳಿನಷ್ಟು ಮೇಲಕ್ಕೆ ಹೋದರೆ ಮಾತ್ರ ಮನೆಯವರು, "ಇವರು ನಮ್ಮಪ್ಪನಂತಿಲ್ಲ" ಎಂದುಬಿಡುತ್ತಾರೆ. ಆ ಒಂದು ಮಾತಿಗೆ ತಿಂಗಳ ದುಡಿಮೆ ವ್ಯರ್ಥವಾಗುತ್ತದೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಸೀಮೆಯಲ್ಲಿ ಈ ವೃತ್ತಿಯನ್ನು ನಂಬಿದವನಿಗೆ ಕಾರ್ತಿಕದಿಂದ ಮಾಘದವರೆಗಿನ ಮಾಗಿಕಾಲವೇ ಸುಗ್ಗಿ.

ಮೈಸೂರಿನ ನೆಲದಲ್ಲಿ ಭಾವಚಿತ್ರದ ಪರಂಪರೆ ಅರಮನೆಯ ಆಶ್ರಯದಲ್ಲಿ ಬೆಳೆಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ರಾಜಾ ರವಿವರ್ಮ ಇಲ್ಲಿಗೆ ಬಂದು ರಾಜಪರಿವಾರದ ಚಿತ್ರಗಳನ್ನು ಬರೆದರು. ಆಸ್ಥಾನ ಕಲಾವಿದರಾಗಿದ್ದ ಕೆ. ವೆಂಕಟಪ್ಪನವರು (1886–1965) ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರಲ್ಲಿ ಕಲಿತು ಬಂದವರು. ಅರಮನೆಯ ಕಲ್ಯಾಣಮಂಟಪದ ಗೋಡೆಗಳಲ್ಲಿರುವ ದಸರಾ ಮೆರವಣಿಗೆಯ ಚಿತ್ರಮಾಲೆಯನ್ನು ಬರೆದ ಕಲಾವಿದರು ಛಾಯಾಚಿತ್ರಗಳನ್ನು ಆಧಾರವಾಗಿಟ್ಟುಕೊಂಡರು. ಆದ್ದರಿಂದಲೇ ಆ ಜನಸಂದಣಿಯ ಮುಖಗಳು ಕಲ್ಪನೆಯ ಮುಖಗಳಾಗಿ ತೋರುವುದಿಲ್ಲ. ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿರುವ ದೀಪ ಹಿಡಿದ ಹೆಣ್ಣುಮಗಳ ಚಿತ್ರವನ್ನು ನೋಡಿದವರು ಅನೇಕರು. ಅದನ್ನು ರವಿವರ್ಮನ ಕೃತಿಯೆಂದು ತಿಳಿದವರೂ ಉಂಟು. ಅದು ಎಸ್. ಎಲ್. ಹಲ್ದಣಕರರು ತಮ್ಮ ಮಗಳನ್ನೇ ಎದುರಿಗೆ ನಿಲ್ಲಿಸಿಕೊಂಡು ಬರೆದ ಜಲವರ್ಣಚಿತ್ರ. ಹೀಗೆ ರಾಜರಿಗೆ ಮೀಸಲಾಗಿದ್ದ ಕಲೆ ಕಾಲಕ್ರಮದಲ್ಲಿ ರೈತನ ಮನೆಯ ಪಡಸಾಲೆಗೂ ಬಂದಿತು.

ಮಾಗಿಯಲ್ಲೇ ಕೆಲಸ ಹೆಚ್ಚುವುದಕ್ಕೆ ಮೊದಲನೆಯ ಕಾರಣ ಊರಿನ ಜೀವನಕ್ರಮ. ಮಹಾಲಯದಲ್ಲಿ ಹಿರಿಯರಿಗೆ ಎಡೆಯಿಡುವಾಗ, ತೀರಿಕೊಂಡವರ ಚಿತ್ರ ಮನೆಯಲ್ಲಿಲ್ಲವೆಂಬ ಕೊರತೆ ನೆನಪಾಗುತ್ತದೆ. ಆಗ ಕೈಯಲ್ಲಿ ಹಣವಿರುವುದಿಲ್ಲ. ಮುಂದಿನ ತಿಂಗಳುಗಳಲ್ಲಿ ಹುಣಸೂರು, ಪಿರಿಯಾಪಟ್ಟಣಗಳ ಕಡೆ ಹೊಗೆಸೊಪ್ಪು ಹರಾಜಿಗೆ ಹೋಗುತ್ತದೆ. ಕಾವೇರಿಯ ನಾಲೆಗಳ ಬಯಲಿನಲ್ಲಿ ಭತ್ತ ಕಣಕ್ಕೆ ಬರುತ್ತದೆ. ಬೆದ್ದಲಿನಲ್ಲಿ ರಾಗಿಯ ಕೊಯ್ಲಾಗುತ್ತದೆ. ಸಾಲ ತೀರಿಸಿ ಉಳಿದ ಹಣದಲ್ಲಿ ಒಂದು ಪಾಲು ಹಿರಿಯರ ನೆನಪಿಗೆ ಸಲ್ಲುತ್ತದೆ. ಧನುರ್ಮಾಸದಲ್ಲಿ ಮದುವೆಗಳಿಲ್ಲ. ಸಂಕ್ರಾಂತಿ ಕಳೆದ ಮೇಲೆ ಮದುವೆಯ ಮನೆಗೆ ಸುಣ್ಣಬಣ್ಣವಾಗುವಷ್ಟರಲ್ಲಿ ಚಿತ್ರವೂ ಗೋಡೆಯ ಮೇಲಿರಬೇಕೆಂಬುದು ಮನೆಯವರ ಅಪೇಕ್ಷೆ.

ಎರಡನೆಯ ಕಾರಣ ಬೆಳಕು. ಚಿತ್ರಕಾರರು ಸಾಮಾನ್ಯವಾಗಿ ಉತ್ತರದ ಕಿಟಕಿಯ ಬಳಿ ಕುಳಿತು ಕೆಲಸ ಮಾಡಲು ಬಯಸುತ್ತಾರೆ. ನೇರವಾದ ಬಿಸಿಲು ಬಿದ್ದರೆ ನೆರಳುಗಳು ಗಳಿಗೆಗಳಿಗೆಗೂ ಸರಿಯುತ್ತವೆ. ಮುಖದ ಉಬ್ಬುತಗ್ಗುಗಳು ಬದಲಾದಂತೆ ಕಾಣುತ್ತವೆ. ಯೂರೋಪಿನ ದೇಶಗಳಲ್ಲಿ ನಡುಹಗಲಿನ ಸೂರ್ಯ ವರ್ಷವಿಡೀ ದಕ್ಷಿಣದಲ್ಲಿಯೇ ಇರುತ್ತಾನೆ. ಮೈಸೂರು ಸೀಮೆ ಇರುವುದು ಉತ್ತರ ಅಕ್ಷಾಂಶ ಸುಮಾರು 12 ಡಿಗ್ರಿಯಲ್ಲಿ. ಇಲ್ಲಿ ಏಪ್ರಿಲ್ ತಿಂಗಳ ಕೊನೆಯಿಂದ ಆಗಸ್ಟ್ ತಿಂಗಳ ನಡುವಿನವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಆ ದಿನಗಳಲ್ಲಿ ಉತ್ತರದ ಕಿಟಕಿಯನ್ನೂ ನಂಬುವಂತಿಲ್ಲ. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ಮೂರನೆಯ ವಾರದವರೆಗಾದರೋ ಆ ಕಿಟಕಿಗೆ ದಿನವಿಡೀ ಬಿಸಿಲು ತಾಗುವುದಿಲ್ಲ. ಡಿಸೆಂಬರ್ 22ರ ಸುಮಾರಿಗೆ ನಡುಹಗಲಿನಲ್ಲಿಯೂ ಸೂರ್ಯ ದಕ್ಷಿಣದ ಬಾನಿನಲ್ಲಿ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ. ಒಳಗೆ ಬರುವುದು ಆಕಾಶದ ತಿಳಿಬೆಳಕು ಮಾತ್ರ. ಅದು ಸ್ಥಿರವಾದ, ಮೃದುವಾದ ಬೆಳಕು.

ಆದರೆ ಮಾಗಿಯ ಹಗಲು ಚಿಕ್ಕದು. ಲಕ್ಷ್ಮಣತೀರ್ಥದ ದಂಡೆಯಲ್ಲಿಯೂ ಕಬಿನಿಯ ಹಿನ್ನೀರಿನ ಅಂಚಿನಲ್ಲಿಯೂ ಬೆಳಗಿನ ಮಂಜು ಬಹಳ ಹೊತ್ತು ಕವಿದಿರುತ್ತದೆ. ಮಂಜಿನ ಬೆಳಕಿನಲ್ಲಿ ಬಣ್ಣಗಳು ಮಂಕಾಗುತ್ತವೆ. ಆಗ ಬೆರೆಸಿದ ಮೈಬಣ್ಣ ಬಿಸಿಲೇರಿದ ಮೇಲೆ ಬೇರೆಯಾಗಿಯೇ ಕಾಣುತ್ತದೆ. ಆದುದರಿಂದ ಅನುಭವಿಯಾದ ಚಿತ್ರಕಾರನು ಬೆಳಗಿನ ಹೊತ್ತನ್ನು ಚೌಕಟ್ಟಿಗೆ ಬಟ್ಟೆ ಬಿಗಿಯುವುದಕ್ಕೆ, ಅದರ ಮೇಲೆ ಬಿಳಿಯ ಲೇಪ ಕೊಡುವುದಕ್ಕೆ, ರೇಖೆಗಳನ್ನು ಎಳೆಯುವುದಕ್ಕೆ ಇಟ್ಟುಕೊಳ್ಳುತ್ತಾನೆ. ಬಣ್ಣದ ಕೆಲಸಕ್ಕೆ ಉಳಿಯುವುದು ಮಂಜು ಕರಗಿದ ಮೇಲಿನ ಐದಾರು ಗಂಟೆಗಳು. ಸಂಜೆಯ ಬೆಳಕು ಕೆಂಪಿಗೆ ತಿರುಗಿದೊಡನೆ ಕುಂಚವನ್ನು ತೊಳೆದಿಡುತ್ತಾನೆ. ದೀಪದ ಬೆಳಕಿನಲ್ಲಿ ಮೈಬಣ್ಣ ಬೆರೆಸಲು ಅವನು ಹಿಂಜರಿಯುತ್ತಾನೆ.

ಎಣ್ಣೆಬಣ್ಣದ ಸ್ವಭಾವವೂ ತಾಳ್ಮೆಯನ್ನು ಬೇಡುತ್ತದೆ. ಅದು ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಬಣ್ಣದ ಪುಡಿಯನ್ನು ಹಿಡಿದಿರುವ ಅಗಸೆ ಎಣ್ಣೆಯು ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಯಾದ ಪೊರೆಯಾಗಬೇಕು. ಚಳಿಯಲ್ಲಿ ಈ ಕ್ರಿಯೆ ನಿಧಾನವಾಗಿ ನಡೆಯುತ್ತದೆ. ಕೆಲವು ಬಗೆಯ ಕಂದು ಮಣ್ಣಿನ ಬಣ್ಣ ಬೇಗ ಒಣಗುತ್ತದೆ. ಕಾಡಿಗೆಯ ಕಪ್ಪು ತಡಮಾಡುತ್ತದೆ. ಆದ್ದರಿಂದ ಕೆಳಗಿನ ಪದರಗಳಲ್ಲಿ ಎಣ್ಣೆ ಕಡಿಮೆಯಿರಬೇಕು, ಮೇಲುಮೇಲಕ್ಕೆ ಹೋದಂತೆ ಹೆಚ್ಚಬೇಕು. ಕೆಳಗಿನದು ಹಸಿಯಾಗಿರುವಾಗಲೇ ಬೇಗ ಒಣಗುವ ಪದರವನ್ನು ಅದರ ಮೇಲೆ ಹಚ್ಚಿದರೆ, ಕೆಲವು ವರ್ಷಗಳಲ್ಲಿ ಚಿತ್ರ ಬಿರುಕುಬಿಡುತ್ತದೆ. "ವರ್ಷದ ತಿಥಿಗೆ ಚಿತ್ರ ಬೇಕೇಬೇಕು ಸ್ವಾಮಿ" ಎಂದು ಮನೆಯವರು ಅವಸರಪಡಿಸಿದಾಗ ಚಿತ್ರಕಾರನಿಗೆ ಪರೀಕ್ಷೆ ಒದಗುತ್ತದೆ. ಅವಸರದ ದೋಷ ಅಂದು ಯಾರಿಗೂ ಕಾಣುವುದಿಲ್ಲ, ಹಣವೂ ಕೈಸೇರಿರುತ್ತದೆ. ಆದರೆ ಹತ್ತು ವರ್ಷಗಳ ಮೇಲೆ ಬಿರುಕುಬಿಡುವುದು ಒಬ್ಬರ ತಂದೆಯ ಹಣೆ. ಇದನ್ನು ಬಲ್ಲವನು ಒಂದು ವಾರದ ಗಡುವನ್ನು ಕೇಳಿಕೊಳ್ಳಲು ನಾಚುವುದಿಲ್ಲ.

ಎದುರಿಗೆ ಕುಳಿತವರನ್ನು ನೋಡಿ ಬರೆಯುವ ಅವಕಾಶ ಹಳ್ಳಿಯ ಕಡೆ ಅಪರೂಪ. ಹೆಚ್ಚಿನ ಚಿತ್ರಗಳು ತೀರಿಕೊಂಡವರವು. ಚಿತ್ರಕಾರನ ಕೈಗೆ ಬರುವುದು ಮದುವೆಯ ಗುಂಪುಚಿತ್ರವೊಂದರಲ್ಲಿ ಹೆಬ್ಬೆಟ್ಟಿನ ಉಗುರಿನಷ್ಟಿರುವ ಮುಖ. ಇಲ್ಲವೇ 1993ರಲ್ಲಿ ಆರಂಭವಾದ ಮತದಾರರ ಗುರುತಿನ ಚೀಟಿಯ ಮೇಲಿನ ಮಸುಕು ಚಿತ್ರ. ಜೀವಮಾನವೆಲ್ಲ ಗದ್ದೆ, ಕೊಟ್ಟಿಗೆ, ಒಲೆಗಳ ನಡುವೆ ಸವೆಸಿದ ಎಷ್ಟೋ ಮಂದಿ ತಾಯಂದಿರಿಗೆ ಬೇರೆ ಚಿತ್ರವೇ ಇರುವುದಿಲ್ಲ. ಅದರ ಮೇಲೆ ಚೌಕಳಿ ಗೆರೆಗಳನ್ನು ಹಾಕಿ, ಬಟ್ಟೆಯ ಮೇಲೆ ಅದೇ ಲೆಕ್ಕದಲ್ಲಿ ದೊಡ್ಡ ಚೌಕಗಳನ್ನೆಳೆದು, ಒಂದೊಂದು ಚೌಕದೊಳಗಿನ ರೇಖೆಯನ್ನೂ ಅಳತೆಗೆ ತಕ್ಕಂತೆ ಹಿಗ್ಗಿಸುತ್ತಾನೆ. ಅಳತೆ ಸರಿಯಾದ ಮಾತ್ರಕ್ಕೆ ಮುಖ ಮೂಡುವುದಿಲ್ಲ. ಗುರುತಿನ ಚೀಟಿಯಲ್ಲಿ ಆಕೆ ಬೆದರಿದಂತೆ ಕಾಣುತ್ತಾಳೆ, ಮನೆಯಲ್ಲಿ ಹಾಗಿರಲಿಲ್ಲ. ಆದ್ದರಿಂದ ಅವನು ಜಗುಲಿಯ ಮೇಲೆ ಕುಳಿತು ಮಾತಿಗಿಳಿಯುತ್ತಾನೆ. ಸೆರಗನ್ನು ಹೇಗೆ ಹೊದೆಯುತ್ತಿದ್ದರು? ನಕ್ಕರೆ ಯಾವ ಕೆನ್ನೆ ಗುಳಿಬೀಳುತ್ತಿತ್ತು? ಮಕ್ಕಳಲ್ಲಿ ಅವರ ಕಣ್ಣು ಯಾರಿಗೆ ಬಂದಿದೆ? ಒಬ್ಬೊಬ್ಬರೂ ಒಂದೊಂದು ಹೇಳುತ್ತಾರೆ. ಹೇಳುತ್ತ ಹೇಳುತ್ತ ಕಣ್ಣೊರಸಿಕೊಳ್ಳುತ್ತಾರೆ. ಆ ಮಾತುಗಳ ನಡುವಿನಿಂದ ಅವನು ಮುಖವನ್ನು ಹುಡುಕಬೇಕು.

ಇನ್ನೊಂದು ಸೂಕ್ಷ್ಮವಾದ ಪ್ರಶ್ನೆಯೂ ಉಂಟು. ಅವ್ವ ಎಂದೂ ತೊಡದಿದ್ದ ಚಿನ್ನದ ಸರವನ್ನು ಕೊರಳಿಗೆ ಹಾಕಿರೆಂದು ಮಗ ಕೇಳುತ್ತಾನೆ. ಬದುಕಿದ್ದಾಗ ಕೊಡಿಸಲಾಗಲಿಲ್ಲವೆಂಬ ಅವನ ನೋವನ್ನು ಅರಿತ ಚಿತ್ರಕಾರನು ಅದಕ್ಕೆ ಒಪ್ಪಬಹುದು. "ಬಣ್ಣವನ್ನು ಸ್ವಲ್ಪ ಬೆಳ್ಳಗೆ ಮಾಡಿ, ಸುಕ್ಕುಗಳನ್ನು ತೆಗೆದುಬಿಡಿ" ಎಂದಾಗ ಮಾತ್ರ ಅವನು ತಡೆಯುತ್ತಾನೆ. ಬಿಸಿಲು ಕೊಟ್ಟ ಕಪ್ಪನ್ನೂ ದುಡಿಮೆ ಕೊಟ್ಟ ಸುಕ್ಕನ್ನೂ ಅಳಿಸಿದರೆ ಉಳಿಯುವುದು ಯಾರದೋ ಮುಖ. ಸರ ಆಕೆಯ ಮೇಲಿನ ಪ್ರೀತಿಗೆ ಗುರುತು; ಸುಕ್ಕು ಆಕೆಯ ಬಾಳಿಗೆ ಸಾಕ್ಷಿ. ಸಾಕ್ಷಿಯನ್ನು ತಿದ್ದುವ ಅಧಿಕಾರ ತನಗಿಲ್ಲವೆಂದು ಅವನು ವಿನಯದಿಂದಲೇ ತಿಳಿಸುತ್ತಾನೆ.

ಇದೇ ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ಟಿಬೆಟ್ಟಿನ ನಿರಾಶ್ರಿತರು 1961ರಿಂದ ನೆಲೆಸಿದ್ದಾರೆ. ಬಟ್ಟೆಯ ಮೇಲೆ ದೇವತೆಗಳನ್ನೂ ಗುರುಗಳನ್ನೂ ಬರೆಯುವ ಅವರ ತಂಗ್ಕಾ ಸಂಪ್ರದಾಯದಲ್ಲಿ ದೇವತೆಗಳ ಅಂಗಾಂಗಗಳ ಪ್ರಮಾಣ ಶಾಸ್ತ್ರದಿಂದ ನಿಶ್ಚಿತವಾದದ್ದು. ಕಣ್ಣುಗಳನ್ನು ಬರೆಯುವುದು ಕಟ್ಟಕಡೆಗೆ. ಅಲ್ಲಿ ಚಿತ್ರಕಾರನು ಶಾಸ್ತ್ರಕ್ಕೆ ಬದ್ಧ, ಇಲ್ಲಿ ಮನೆಯವರ ನೆನಪಿಗೆ ಬದ್ಧ. ಮುಖವನ್ನು ಮನಬಂದಂತೆ ಬರೆಯುವ ಸ್ವಾತಂತ್ರ್ಯ ಇಬ್ಬರಿಗೂ ಇಲ್ಲ.

ಯಂತ್ರದಲ್ಲಿ ಮುದ್ರಿತವಾದ ದೊಡ್ಡ ಚಿತ್ರಗಳು ಈಗ ಅಲ್ಪಬೆಲೆಗೆ ಒಂದೇ ದಿನದಲ್ಲಿ ದೊರೆಯುತ್ತವೆ. ನಾಮಫಲಕ ಬರೆದು ಹೊಟ್ಟೆ ಹೊರೆಯುತ್ತಿದ್ದ ಕೈಗಳಿಗೆ ಆ ಕೆಲಸ ಬಹುಮಟ್ಟಿಗೆ ತಪ್ಪಿದೆ. ಆದರೂ ಮಸುಕಾದ ಚಿತ್ರವನ್ನು ಯಂತ್ರ ಹಿಗ್ಗಿಸಿದರೆ ಮಸುಕೂ ಹಿಗ್ಗುತ್ತದೆ. ಮಗಳ ಮಾತನ್ನು ಕೇಳಿ ತಾಯಿಯ ನಗೆಯನ್ನು ತುಟಿಯಂಚಿಗೆ ತರುವ ಕೆಲಸಕ್ಕೆ ಕಿವಿಗೊಟ್ಟು ಕುಳಿತುಕೊಳ್ಳುವ ಮನುಷ್ಯನೊಬ್ಬ ಬೇಕಾಗುತ್ತದೆ.

ಎಣ್ಣೆಬಣ್ಣ ಪೂರ್ತಿಯಾಗಿ ಗಟ್ಟಿಯಾಗಲು ಆರು ತಿಂಗಳಿಂದ ಒಂದು ವರ್ಷ ಬೇಕು. ರಕ್ಷಣೆಯ ವಾರ್ನಿಷನ್ನು ಆಮೇಲೆಯೇ ಕೊಡಬೇಕು. ಆದುದರಿಂದ ನಿಷ್ಠೆಯುಳ್ಳ ಚಿತ್ರಕಾರನು ಮುಂದಿನ ಮಾಗಿಯಲ್ಲಿ ಬಸ್ಸು ಹತ್ತಿ ಅದೇ ಮನೆಗೆ ಮತ್ತೆ ಹೋಗುತ್ತಾನೆ. ಅಷ್ಟರಲ್ಲಿ ಚಿತ್ರದ ಹಣೆಗೆ ಕುಂಕುಮ ಬಿದ್ದಿರುತ್ತದೆ. ಚೌಕಟ್ಟಿಗೆ ಒಣಗಿದ ಹೂವಿನ ಹಾರವಿರುತ್ತದೆ. ಅವನು ಹಾರವನ್ನು ತೆಗೆದಿಟ್ಟು, ಧೂಳನ್ನು ಒರಸಿ, ವಾರ್ನಿಷ್ ಹಚ್ಚುತ್ತಾನೆ. ಮಂಕಾಗಿದ್ದ ಬಣ್ಣ ಮತ್ತೆ ಕಳೆಗೂಡುತ್ತದೆ. ಮನೆಯವರು ಸುತ್ತ ನಿಂತು ನೋಡುತ್ತಾರೆ. ಈ ಸಲ ಯಾರೂ, "ಇವರು ನಮ್ಮವರಂತಿಲ್ಲ" ಎನ್ನದಿದ್ದರೆ, ಅವನ ಕಳೆದ ವರ್ಷದ ಕೆಲಸ ಅಂದಿಗೆ ಮುಗಿದಂತೆ.