ಒಲೆ ಹಚ್ಚದೆ ಡೇಕೇರ್ ಡಬ್ಬಿ: ಈ ಪಟ್ಟಿ ಫಾರ್ವರ್ಡ್ ಮಾಡುವ ಮುನ್ನ ಓದಿ

"ಬೆಳಗ್ಗೆ ಒಲೆ ಹಚ್ಚುವ ಗೋಜೇ ಇಲ್ಲ, ಮಗು ತಾನೇ ಕೈಯಲ್ಲಿ ಹಿಡಿದು ತಿನ್ನುವ ತಿಂಡಿಗಳು" ಎಂಬ ಪಟ್ಟಿಗಳು ಅಮ್ಮಂದಿರ ವಾಟ್ಸಾಪ್ ಗ್ರೂಪ್‌ಗಳಲ್ಲಿ ಆಗಾಗ ಬರುತ್ತಿರುತ್ತವೆ. ನಮಗೆ ಬಂದ ಒಂದರಲ್ಲಿ ಬಾಳೆಹಣ್ಣು, ಸೇಬು, ಪನೀರ್ ಜೊತೆಗೆ ಇಡೀ ದ್ರಾಕ್ಷಿ, ಹುರಿದ ಕಡಲೆಕಾಯಿ ಬೀಜ, ಪಾಪ್‌ಕಾರ್ನ್, ಹಸಿ ಕ್ಯಾರೆಟ್ ತುಂಡು, ಮೊಳಕೆ ಕಾಳು ಇದ್ದವು. ಕೊನೆಯಲ್ಲಿ ಎಚ್ಚರಿಕೆ ಬೇರೆ: ಮೊಸರು, ಬಾಳೆಹಣ್ಣು ಕೊಟ್ಟರೆ ಶೀತ ಆಗುತ್ತದೆ, ಕಂದು ಬಣ್ಣಕ್ಕೆ ತಿರುಗಿದ ಸೇಬು ವಿಷ.

ವಿಚಿತ್ರ ಏನೆಂದರೆ, ಈ ಪಟ್ಟಿ ಹೆದರಿಸುವ ಪದಾರ್ಥಗಳಲ್ಲಿ ಅಂಥ ಅಪಾಯವಿಲ್ಲ. ಧೈರ್ಯವಾಗಿ ಕೊಡಿ ಎಂದವುಗಳಲ್ಲೇ ಇದೆ.

ದ್ರಾಕ್ಷಿ, ಕಡಲೆಕಾಯಿ ಬೀಜ ಯಾಕೆ ಬೇಡ?

ಒಂದು ವರ್ಷ ದಾಟಿದ ಮಗುವಿಗೆ ಮುಂದಿನ ಹಲ್ಲುಗಳು ಬಂದಿರುತ್ತವೆ, ಕಚ್ಚುತ್ತದೆ. ಆದರೆ ಅರೆಯುವುದು ದವಡೆ ಹಲ್ಲುಗಳ ಕೆಲಸ. ಅವುಗಳಲ್ಲಿ ಮೊದಲಿನವು ಒಂದೂಕಾಲು ವರ್ಷದ ಆಸುಪಾಸಿನಲ್ಲಿ, ಹಿಂದಿನವು ಎರಡರಿಂದ ಎರಡೂವರೆ ವರ್ಷದಲ್ಲಿ ಹುಟ್ಟುತ್ತವೆ. ಅಲ್ಲಿಯವರೆಗೆ ಗಟ್ಟಿ ಪದಾರ್ಥವನ್ನು ಮಗು ಕಚ್ಚಿ, ಅರೆಯದೆ ನುಂಗುತ್ತದೆ. ಉಸಿರಿನ ಕೊಳವೆಯೂ ಕಿರಿದು, ಕೆಮ್ಮಿ ಹೊರಹಾಕುವ ಬಲವೂ ಕಡಿಮೆ.

ದ್ರಾಕ್ಷಿ ನುಣುಪಾಗಿದೆ, ಒತ್ತಿದರೆ ಆಕಾರ ಬದಲಿಸುತ್ತದೆ. ಗಂಟಲಲ್ಲಿ ಸಿಕ್ಕಿಕೊಂಡರೆ ಬಾಟಲಿಗೆ ಹಾಕಿದ ಬಿರಡೆಯ ಹಾಗೆ ಸುತ್ತ ಗಾಳಿಗೆ ಜಾಗವೇ ಉಳಿಯುವುದಿಲ್ಲ. ಕಡಲೆಕಾಯಿ ಬೀಜದ ಕಥೆ ಬೇರೆ. ಚಿಕ್ಕದಾದ್ದರಿಂದ ಅದು ಗಂಟಲು ದಾಟಿ ಶ್ವಾಸಕೋಶಕ್ಕೆ ಹೋಗುವ ಕವಲು ನಳಿಕೆಗೆ ಇಳಿಯಬಹುದು. ಆ ಕ್ಷಣ ಜೋರು ಕೆಮ್ಮು ಬರುತ್ತದೆ, ಆಮೇಲೆ ಮಗು ಸುಮ್ಮನಾಗುತ್ತದೆ. ನಾವು "ಸದ್ಯ, ಹೋಯಿತು" ಎಂದುಕೊಳ್ಳುತ್ತೇವೆ. ಒಳಗೆ ಬೀಜ ತೇವಕ್ಕೆ ಉಬ್ಬುತ್ತದೆ, ಅದರ ಎಣ್ಣೆಯಂಶ ಸುತ್ತಲಿನ ಪೊರೆಯನ್ನು ಕೆರಳಿಸುತ್ತದೆ. ಕೆಲವು ದಿನಗಳ ಮೇಲೆ ಗೊರಗೊರ ಉಸಿರು, ಜ್ವರ, ನ್ಯುಮೋನಿಯಾ. ಮನೆಯವರು ಕಫ ಎಂದುಕೊಂಡು ಸಿರಪ್ ಕುಡಿಸುತ್ತಿರುತ್ತಾರೆ. ನಮ್ಮ ದೇಶದಲ್ಲಿ ಮಕ್ಕಳ ಶ್ವಾಸನಾಳದಿಂದ ವೈದ್ಯರು ಹೊರತೆಗೆಯುವ ವಸ್ತುಗಳಲ್ಲಿ ಕಡಲೆಕಾಯಿ ಬೀಜ ಮುಂಚೂಣಿಯಲ್ಲಿದೆ. ಹಾಗಾಗಿ ತಿನ್ನುವಾಗ ಕೆಮ್ಮು ಬಂದು, ನಂತರ ಉಸಿರಾಟ ಸರಿಯಿಲ್ಲ ಎನಿಸಿದರೆ ವೈದ್ಯರಿಗೆ ಆ ವಿಷಯವನ್ನು ತಪ್ಪದೆ ಹೇಳಿ.

ಇಡೀ ಬೀಜಗಳು, ಪಾಪ್‌ಕಾರ್ನ್, ಗಟ್ಟಿ ಮಿಠಾಯಿ ನಾಲ್ಕು ವರ್ಷದವರೆಗಾದರೂ ಬೇಡ ಎನ್ನುವುದು ಮಕ್ಕಳ ತಜ್ಞರ ಸಾಮಾನ್ಯ ಸಲಹೆ. ದ್ರಾಕ್ಷಿಯನ್ನು ಬಿಡಲೇಬೇಕಿಲ್ಲ, ಉದ್ದಕ್ಕೆ ನಾಲ್ಕಾಗಿ ಸೀಳಿ. ಅಡ್ಡಕ್ಕೆ ಕತ್ತರಿಸಿದರೆ ಮತ್ತೆ ದುಂಡನೆಯ ಬಿಲ್ಲೆಯೇ ಆಗುತ್ತದೆ, ಪ್ರಯೋಜನವಿಲ್ಲ. ಹಸಿ ಕ್ಯಾರೆಟ್, ಗಟ್ಟಿ ಸೇಬನ್ನು ತುರಿಯಿರಿ.

"ನಾವೆಲ್ಲ ತಿಂದೇ ಬೆಳೆದಿಲ್ಲವೇ?" ಎಂದು ಅಜ್ಜಿ ಕೇಳಬಹುದು. ನಿಜ, ಹೆಚ್ಚಿನ ಸಲ ಏನೂ ಆಗುವುದಿಲ್ಲ. ಆದರೆ ಮನೆಯಲ್ಲಿ ಒಂದು ಮಗುವಿನ ಪಕ್ಕ ಅಜ್ಜಿ ಕೂತಿರುತ್ತಾರೆ. ಡೇಕೇರ್‌ನಲ್ಲಿ ಒಬ್ಬ ಆಂಟಿ ಹಲವು ಮಕ್ಕಳನ್ನು ಒಟ್ಟಿಗೆ ನೋಡಿಕೊಳ್ಳಬೇಕು.

ಮೊಳಕೆ ಕಾಳು ಆರೋಗ್ಯಕರ ಅಲ್ಲವೇ?

ಬೇಯಿಸಿದರೆ ಹೌದು. ಕಾಳು ಮೊಳೆಯಲು ಬೇಕಾದ ತೇವ, ಬೆಚ್ಚಗಿನ ವಾತಾವರಣ ಬ್ಯಾಕ್ಟೀರಿಯಾಗಳಿಗೂ ಅಷ್ಟೇ ಹಿತ. 2011ರಲ್ಲಿ ಜರ್ಮನಿಯಲ್ಲಿ ಇ-ಕೋಲೈ ಸೋಂಕು ಹರಡಿ 50ಕ್ಕೂ ಹೆಚ್ಚು ಜನ ಸತ್ತರು. ತನಿಖೆ ಕೊನೆಗೆ ತಲುಪಿದ್ದು ಮೆಂತ್ಯದ ಹಸಿ ಮೊಳಕೆಗೆ. ಐದು ವರ್ಷದೊಳಗಿನ ಮಕ್ಕಳಿಗೆ ಹಸಿ ಮೊಳಕೆ ಬೇಡ.

ಇನ್ನು ಹೆದರಿಸುವ ಮಾತುಗಳು

ಶೀತ ಬರುವುದು ವೈರಸ್‌ನಿಂದ, ಮೊಸರಿನಿಂದಲೂ ಅಲ್ಲ, ಬಾಳೆಹಣ್ಣಿನಿಂದಲೂ ಅಲ್ಲ. ಡೇಕೇರ್‌ಗೆ ಸೇರಿದ ಹೊಸತರಲ್ಲಿ ಪದೇ ಪದೇ ಮೂಗು ಸೋರಲು ಕಾರಣ ಪಕ್ಕದಲ್ಲಿ ಸೀನುವ ಗೆಳೆಯ.

ಸೇಬು ಕಂದಾಗುವುದು ಅದರೊಳಗಿನ ಕಿಣ್ವ ಗಾಳಿಯ ಆಮ್ಲಜನಕದೊಂದಿಗೆ ಸೇರಿ ನಡೆಸುವ ಕ್ರಿಯೆಯಿಂದ. ವಿಷವಲ್ಲ. ನಾಲ್ಕು ಹನಿ ನಿಂಬೆರಸ ಸವರಿದರೆ ನಿಧಾನವಾಗುತ್ತದೆ.

ಬಣ್ಣಕ್ಕಿಂತ ಗಡಿಯಾರ ನೋಡಿ. ಕತ್ತರಿಸಿದ ಹಣ್ಣು, ಪನೀರ್, ಮೊಸರು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಬಿಸಿಲು 32 ಡಿಗ್ರಿ ದಾಟಿದರೆ ಒಂದೇ ಗಂಟೆ. ಡಬ್ಬಿ ತಲುಪಿದ ಕೂಡಲೇ ಫ್ರಿಜ್‌ಗೆ ಇಡುತ್ತಾರಾ ಎಂದು ಡೇಕೇರ್‌ನಲ್ಲಿ ಕೇಳಿ. ಇಲ್ಲವೆಂದರೆ ಸಿಪ್ಪೆ ಸಮೇತ ಬಾಳೆಹಣ್ಣೇ ಒಳ್ಳೆಯದು. ಅದರ ಪ್ಯಾಕಿಂಗ್ ಅದರ ಮೈಮೇಲೇ ಇದೆ!

ಹಾಗಾದರೆ ಡಬ್ಬಿಗೆ ಏನು ಹಾಕೋಣ?

ಬೆರಳುದ್ದ ಕತ್ತರಿಸಿದ ಮಾಗಿದ ಪರಂಗಿ, ಮಾವು, ಬೆಣ್ಣೆಹಣ್ಣು, ಬೀಜ ತೆಗೆದ ಸಪೋಟ, ಮೆತ್ತನೆಯ ಪನೀರ್ ಪಟ್ಟಿ. ಎರಡು ಬೆರಳಲ್ಲಿ ಒತ್ತಿದರೆ ಹಿಸುಕಿ ಹೋಗುವಷ್ಟು ಮೆತ್ತಗಿದ್ದರೆ ಸರಿ. ನಮ್ಮ ಮೆಚ್ಚಿನದು ಅವಲಕ್ಕಿ. ತೆಳು ಅವಲಕ್ಕಿ ತೊಳೆದು ಹಿಂಡಿ, ಕಿವುಚಿದ ಬಾಳೆಹಣ್ಣು, ಸ್ವಲ್ಪ ಹುರಿಗಡಲೆ ಪುಡಿ ಕಲಸಿ, ಉಂಡೆ ಕಟ್ಟದೆ ಚಪ್ಪಟೆಯಾಗಿ ತಟ್ಟಿ. ಎರಡು ವರ್ಷದವರೆಗೆ ಸಕ್ಕರೆ, ಬೆಲ್ಲ ಬೇಕಿಲ್ಲ. ಒಂದು ವರ್ಷ ತುಂಬದ ಕೂಸಿಗೆ ಜೇನುತುಪ್ಪ ನೆಕ್ಕಿಸಲೂಬೇಡಿ, ಅದರಿಂದ ಬಾಟುಲಿಸಂ ಎಂಬ ಗಂಭೀರ ಕಾಯಿಲೆ ಬರಬಹುದು.

ಕಡಲೆಕಾಯಿಯನ್ನು ನುಣ್ಣಗೆ ಪುಡಿ ಮಾಡಿ ಇದೇ ಅವಲಕ್ಕಿಗೆ ಕಲಸಬಹುದು. ಅಲರ್ಜಿ ಭಯಕ್ಕೆ ವರ್ಷಗಟ್ಟಲೆ ದೂರ ಇಡುವುದು ಹಳೆಯ ಸಲಹೆ. 2015ರಲ್ಲಿ ಪ್ರಕಟವಾದ ಲಂಡನ್‌ನ ಲೀಪ್ ಅಧ್ಯಯನದಲ್ಲಿ, ಅಪಾಯ ಹೆಚ್ಚಿದ್ದ ಕೂಸುಗಳಿಗೆ ಬೇಗನೆ ತಿನ್ನಿಸಲು ಶುರುಮಾಡಿದಾಗ ಅಲರ್ಜಿ ಬಹಳ ಕಡಿಮೆಯಾಯಿತು. ಮೊದಲ ರುಚಿ ಮಾತ್ರ ಮನೆಯಲ್ಲಿ, ನಿಮ್ಮ ಕಣ್ಣೆದುರಿಗೇ ಆಗಲಿ. ಮಗುವಿಗೆ ತೀವ್ರ ಎಕ್ಸಿಮಾ ಅಥವಾ ಮೊಟ್ಟೆಯ ಅಲರ್ಜಿ ಇದ್ದರೆ ಮೊದಲು ವೈದ್ಯರನ್ನು ಕೇಳಿ.

ಸಿಕ್ಕಿಕೊಂಡರೆ?

ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ದನಿಯೇ ಹೊರಡದಿದ್ದರೆ, ಮುಖ ನೀಲಿಯಾದರೆ ತಲೆ ತಗ್ಗಿಸಿ ಮಲಗಿಸಿಕೊಂಡು ಹೆಗಲ ಮೂಳೆಗಳ ನಡುವೆ ಅಂಗೈ ಬುಡದಿಂದ ಐದು ಬಾರಿ ಬಲವಾಗಿ ತಟ್ಟಿ. ಬರದಿದ್ದರೆ ವರ್ಷ ತುಂಬಿದ ಮಗುವಿಗೆ ಹೊಕ್ಕುಳ ಮೇಲ್ಭಾಗದಲ್ಲಿ ಒಳಕ್ಕೆ-ಮೇಲಕ್ಕೆ ಐದು ಒತ್ತು, ಅದಕ್ಕಿಂತ ಚಿಕ್ಕ ಕೂಸಿಗೆ ಎದೆಯ ನಡುವೆ ಐದು ಒತ್ತು. ಹೊರಬರುವವರೆಗೆ ಇವೆರಡನ್ನೂ ಒಂದಾದ ಮೇಲೊಂದು ಮುಂದುವರಿಸಿ. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಬೇಡಿ, ನೀರು ಕುಡಿಸಬೇಡಿ. ಇನ್ನೊಬ್ಬರು ಅಷ್ಟರಲ್ಲಿ 108ಕ್ಕೆ ಕರೆ ಮಾಡಲಿ. ಡೇಕೇರ್ ಆಂಟಿಗೆ ಇದು ಗೊತ್ತಾ ಎಂದು ನಾಳೆ ಡಬ್ಬಿ ಕೊಡುವಾಗಲೇ ಕೇಳಿ.