ಕಡಲಿಲ್ಲದ ಟೊರೊಂಟೊದಲ್ಲಿ ಕಡಲತೀರದ ರಜೆ

ಟೊರೊಂಟೊ: ಮಲ್ಪೆ, ಮರವಂತೆ, ಗೋಕರ್ಣ ನೋಡಿ ಬಂದವರು ಟೊರೊಂಟೊದ ದಡದಲ್ಲಿ ನಿಂತಾಗ ಕೇಳುವ ಮೊದಲ ಪ್ರಶ್ನೆ, 'ಇದು ಸಮುದ್ರ ಅಲ್ವಾ?' ಎಂದೇ. ಆಚೆ ದಡ ಕಣ್ಣಿಗೆ ಬೀಳುವುದು ಅಪರೂಪ. ಮರಳಿದೆ, ಅಲೆಯಿದೆ, ಹಡಗೂ ಹೋಗುತ್ತದೆ. ಇಲ್ಲದಿರುವುದು ಉಪ್ಪು ಮಾತ್ರ. ಸುಮಾರು 19,000 ಚದರ ಕಿ.ಮೀ. ಹರಡಿರುವ ಒಂಟಾರಿಯೊ ಸರೋವರ ಹೆಚ್ಚುಕಡಿಮೆ ಕರ್ನಾಟಕದ ಹತ್ತರಲ್ಲೊಂದು ಭಾಗದಷ್ಟಿದೆ. ಅತಿ ಹೆಚ್ಚಿನ ಆಳ 244 ಮೀಟರ್. ನಯಾಗರ ಜಲಪಾತದ ನೀರೆಲ್ಲ ಬಂದು ಸೇರುವುದು ಇಲ್ಲಿಗೇ.

ಜೂನ್ ಕೊನೆಗೆ ಇಲ್ಲಿ ಶಾಲೆಗಳಿಗೆ ರಜೆ. ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ ಕಳೆದರೆ ಬೇಸಿಗೆಯ ಓಡಾಟ ಮುಗಿದಂತೆ. ಬ್ರಾಂಪ್ಟನ್, ಮಿಸ್ಸಿಸಾಗಾ, ಮಿಲ್ಟನ್ ಕಡೆಯ ಕನ್ನಡ ಕುಟುಂಬಗಳ ಮನೆಗೆ ಊರಿನಿಂದ ಅಪ್ಪ-ಅಮ್ಮ ಬರುವುದೂ ಹೆಚ್ಚಾಗಿ ಈ ಹತ್ತು ವಾರಗಳಲ್ಲೇ. ಜೂನ್–ಜುಲೈನಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಒಂಬತ್ತಾಗುತ್ತದೆ. ಆಫೀಸು ಮುಗಿಸಿ ಬಂದ ಮೇಲೂ ದಡದಲ್ಲಿ ಎರಡು ಗಂಟೆ ಕೂರಬಹುದು.

ಊರೊಳಗಿನ ದಡ

ದೂರ ಹೋಗಲು ಪುರುಸೊತ್ತಿಲ್ಲದವರಿಗೆ ಟೊರೊಂಟೊ ನಗರದ ಪೂರ್ವಕ್ಕಿರುವ ವುಡ್‌ಬೈನ್ ಬೀಚ್ ಇದೆ. ಅಗಲವಾದ ಮರಳು, ವಾಲಿಬಾಲ್ ಅಂಕಣಗಳು, ದಡದುದ್ದಕ್ಕೂ ಹಲಗೆ ಹಾಸಿದ ಕಾಲುದಾರಿ. ವಯಸ್ಸಾದವರು ಮರಳಿಗಿಳಿಯದೆಯೂ ನೀರು ನೋಡುತ್ತಾ ನಡೆಯಬಹುದು.

ಟೊರೊಂಟೊ ದ್ವೀಪಗಳಿಗೆ ಹೋಗುವುದೇ ಒಂದು ಮೋಜು. ಬೇ ಸ್ಟ್ರೀಟ್ ತುದಿಯಲ್ಲಿರುವ ಜ್ಯಾಕ್ ಲೇಟನ್ ಟರ್ಮಿನಲ್‌ನಿಂದ ಫೆರ್ರಿ ಹೊರಡುತ್ತದೆ. ಯೂನಿಯನ್ ಸ್ಟೇಷನ್‌ನಲ್ಲಿ ಇಳಿದವರು ಅಲ್ಲಿಗೆ ನಡೆದೇ ಹೋಗಬಹುದು. ಈ ದ್ವೀಪಗಳು ಒಂದು ಕಾಲದಲ್ಲಿ ನೆಲಕ್ಕೆ ಅಂಟಿಕೊಂಡಿದ್ದವು. 1858ರ ಬಿರುಗಾಳಿಯಲ್ಲಿ ಮರಳದಂಡೆ ಒಡೆದು ಬೇರೆಯಾದವು. ಅಲ್ಲಿ ಖಾಸಗಿ ಕಾರುಗಳ ಓಡಾಟವಿಲ್ಲ. ಬಾಡಿಗೆ ಸೈಕಲ್ ಸಿಗುತ್ತದೆ. ಚಿಕ್ಕ ಮಕ್ಕಳಿಗೆ ಸೆಂಟರ್‌ವಿಲ್ ಎಂಬ ಆಟದ ಪಾರ್ಕು, ಹಿರಿಯರಿಗೆ ಹುಲ್ಲುಹಾಸು, ಮರದ ನೆರಳು. ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಹೋದರೆ ಇಡೀ ದಿನ ಕಳೆಯುವುದು ಗೊತ್ತಾಗುವುದಿಲ್ಲ.

ಮಿಸ್ಸಿಸಾಗಾದವರಿಗೆ ಪೋರ್ಟ್ ಕ್ರೆಡಿಟ್ ಹತ್ತಿರ. ಗೋ ರೈಲು ಅಲ್ಲಿ ನಿಲ್ಲುತ್ತದೆ. ಲೈಟ್‌ಹೌಸ್, ದೋಣಿಗಳ ಸಾಲು ನೋಡಲು ಚೆನ್ನ. ಬ್ರಾಂಪ್ಟನ್‌ನ ಪ್ರೊಫೆಸರ್ಸ್ ಲೇಕ್ ಹಿಂದೆ ಜಲ್ಲಿ ತೆಗೆದ ಗುಂಡಿ. ಈಗ ಅಲ್ಲೊಂದು ಪುಟ್ಟ ಬೀಚ್ ಇದೆ. ಸ್ಕಾರ್‌ಬರೊ ಬ್ಲಫ್ಸ್‌ನ ಬಿಳಿ ಮಣ್ಣಿನ ಬಂಡೆಗೋಡೆ ಕೆಲವೆಡೆ 90 ಮೀಟರ್‌ವರೆಗೂ ಎತ್ತರವಿದೆ. ಅದನ್ನು ಕೆಳಗಿನ ಬ್ಲಫರ್ಸ್ ಪಾರ್ಕ್‌ನಿಂದ ನೋಡುವುದೇ ಸರಿ. ಅಂಚು ಕುಸಿಯುವ ಮಣ್ಣು. ಫೋಟೊ ಆಸೆಗೆ ಬೇಲಿ ದಾಟಬಾರದು.

ಒಂದಿಡೀ ದಿನ ಇದ್ದರೆ

ಉತ್ತರಕ್ಕೆ ಎರಡು ಗಂಟೆಯ ದಾರಿಯಲ್ಲಿ ವಸಾಗಾ ಬೀಚ್. ಹ್ಯೂರಾನ್ ಸರೋವರದ ಜಾರ್ಜಿಯನ್ ಬೇ ದಡದಲ್ಲಿ 14 ಕಿ.ಮೀ. ಉದ್ದಕ್ಕೆ ಮರಳು, ಸಿಹಿನೀರಿನ ಬೀಚುಗಳಲ್ಲಿ ಜಗತ್ತಿನಲ್ಲೇ ಅತಿ ಉದ್ದದ್ದೆಂದು ಹೆಸರು. ಬಹುದೂರದವರೆಗೆ ಮೊಣಕಾಲುದ್ದದ ನೀರೇ ಇರುವುದರಿಂದ ಮಕ್ಕಳಿರುವವರು ಇದನ್ನು ಮೆಚ್ಚುತ್ತಾರೆ. ಮರಳಿನಲ್ಲಿ ಅಲ್ಲಲ್ಲಿ ಬೇಲಿ ಕಂಡರೆ ಆಚೆಗೆ ಸರಿಯಿರಿ. ಅಳಿವಿನಂಚಿನ ಪೈಪಿಂಗ್ ಪ್ಲವರ್ ಎಂಬ ಪುಟ್ಟ ಹಕ್ಕಿ ಅಲ್ಲಿ ಮೊಟ್ಟೆಯಿಡುತ್ತದೆ.

ಪೂರ್ವಕ್ಕೆ ಸುಮಾರು 200 ಕಿ.ಮೀ. ದೂರದಲ್ಲಿ, ಪ್ರಿನ್ಸ್ ಎಡ್ವರ್ಡ್ ಕೌಂಟಿಯ ಸ್ಯಾಂಡ್‌ಬ್ಯಾಂಕ್ಸ್ ಇದೆ. ಮರಳ ದಿಬ್ಬಗಳಿಗೆ ಹೆಸರಾದ ಪ್ರಾಂತೀಯ ಉದ್ಯಾನ ಅದು. ವಾರಾಂತ್ಯದಲ್ಲಿ ಹಾಗೇ ಹೋಗಿ ಗೇಟಿನಿಂದ ವಾಪಸಾಗುವವರು ಬಹಳ. ಒಂಟಾರಿಯೊ ಪಾರ್ಕ್ಸ್‌ನ ಒಂದು ದಿನದ ವಾಹನ ಪರ್ಮಿಟ್ಟನ್ನು ಐದು ದಿನ ಮೊದಲೇ ಆನ್‌ಲೈನ್‌ನಲ್ಲಿ ಕಾಯ್ದಿರಿಸಬಹುದು. ಕೆನಡಾ ಡೇ (ಜುಲೈ 1), ಆಗಸ್ಟ್ ಮೊದಲ ಸೋಮವಾರದ ಲಾಂಗ್ ವೀಕೆಂಡ್ ಆದರೆ ಕಾಯ್ದಿರಿಸದೆ ಹೊರಡಲೇಬೇಡಿ. ಸಾಧ್ಯವಿದ್ದರೆ ವಾರದ ನಡುವಿನ ದಿನ ಹೋಗಿ.

ಉಪ್ಪಿಲ್ಲದ ನೀರಿನ ಅಪಾಯ

ಕೆರೆಯೇ ತಾನೆ ಎಂಬ ಸದರ ಇಲ್ಲಿ ದುಬಾರಿಯಾಗುತ್ತದೆ. ಇಲ್ಲಿಗೆ ಓದಲು, ದುಡಿಯಲು ಹೊಸದಾಗಿ ಬಂದ ಅನೇಕರಿಗೆ ಈಜು ಬಾರದು. ಸ್ನೇಹಿತರ ಗುಂಪು, ಬಿಸಿಲಿನ ದಿನ, ಆಹ್ವಾನಿಸುವ ತಿಳಿನೀರು. ಹೀಗೆ ನೀರಿಗಿಳಿದು ಊರಿಗೆ ಕೆಟ್ಟ ಸುದ್ದಿ ಮುಟ್ಟಿದ ಪ್ರಕರಣಗಳು ಭಾರತೀಯ ವಿದ್ಯಾರ್ಥಿಗಳ ನಡುವೆಯೂ ಆಗಿವೆ.

ಮೊದಲ ಶತ್ರು ಚಳಿ. ಹೊರಗೆ 30 ಡಿಗ್ರಿ ಬಿಸಿಲಿದ್ದರೂ ಜೂನ್‌ನಲ್ಲಿ ಒಂಟಾರಿಯೊ ಸರೋವರದ ನೀರು ಕೊರೆಯುತ್ತಿರುತ್ತದೆ. ಬೇಸಿಗೆಯ ನಡುವೆಯೂ ಗಾಳಿ ದಡದಿಂದ ಆಚೆಗೆ ಬೀಸಿದರೆ ಮೇಲಿನ ಬೆಚ್ಚನೆಯ ನೀರು ಸರಿದು ತಳದ ತಣ್ಣೀರು ಮೇಲೇಳುತ್ತದೆ. ನಿನ್ನೆ ಹಿತವಾಗಿದ್ದ ನೀರು ಇಂದು ಹಾಗಿರುವುದಿಲ್ಲ. ತಣ್ಣೀರಿಗೆ ಥಟ್ಟನೆ ಬಿದ್ದವರಿಗೆ ತಡೆಯಲಾಗದ ಏದುಸಿರು ಬಂದು ನೀರು ಒಳಹೋಗುತ್ತದೆ. ಈಜು ಬಲ್ಲವರೂ ಇದರಿಂದ ಹೊರತಲ್ಲ. ಹಾಗಾದಾಗ ಕೈಕಾಲು ಬಡಿಯದೆ ಅಂಗಾತ ತೇಲಿ, ಉಸಿರು ಹದಕ್ಕೆ ಬರುವವರೆಗೆ ಒಂದು ನಿಮಿಷ ಕಾಯಬೇಕು. ಸಿಹಿನೀರು ಸಮುದ್ರದ ನೀರಿನಷ್ಟು ದೇಹವನ್ನು ತೇಲಿಸುವುದಿಲ್ಲ ಎಂಬುದೂ ನೆನಪಿರಲಿ.

ಎರಡನೆಯದು ಕಾವಲು. ಟೊರೊಂಟೊ ನಗರದ ಈಜು ಬೀಚುಗಳಲ್ಲಿ ಬೇಸಿಗೆಯಲ್ಲಿ ನಿಗದಿತ ಸಮಯಕ್ಕೆ ಲೈಫ್‌ಗಾರ್ಡ್‌ಗಳಿರುತ್ತಾರೆ. ಆದರೆ ವಸಾಗಾ, ಸ್ಯಾಂಡ್‌ಬ್ಯಾಂಕ್ಸ್‌ನಂಥ ಪ್ರಾಂತೀಯ ಉದ್ಯಾನಗಳ ಬೀಚುಗಳಲ್ಲಿ ಲೈಫ್‌ಗಾರ್ಡ್ ಇರುವುದಿಲ್ಲ. ಅಲ್ಲಿ ಮಕ್ಕಳಿಗೆ ಕಾವಲು ನೀವೇ. ಮಕ್ಕಳು ಕೈಗೆಟುಕುವ ದೂರದಲ್ಲಿರಲಿ. ಗಾಳಿ ತುಂಬಿದ ರಬ್ಬರ್ ಆಟಿಕೆಗಳನ್ನು ನಂಬಬೇಡಿ. ಗಾಳಿ ಅವನ್ನು ಕ್ಷಣದಲ್ಲಿ ಒಳಕ್ಕೆ ಎಳೆದೊಯ್ಯುತ್ತದೆ. ಲೈಫ್ ಜಾಕೆಟ್ ಇಲ್ಲದಿದ್ದರೆ ಹಲವು ಪ್ರಾಂತೀಯ ಉದ್ಯಾನಗಳಲ್ಲಿ ಎರವಲು ಸಿಗುತ್ತದೆ. ಜೀನ್ಸ್, ಸೀರೆ, ದುಪಟ್ಟಾ ನೆನೆದರೆ ಭಾರ. ಅವನ್ನುಟ್ಟು ಪಾದ ಮುಳುಗುವಷ್ಟು ನೀರಿನಿಂದ ಮುಂದೆ ಹೋಗಬೇಡಿ.

ಕೆನಡಾದ ಲೈಫ್‌ಸೇವಿಂಗ್ ಸೊಸೈಟಿಯ 'ಸ್ವಿಮ್ ಟು ಸರ್ವೈವ್' ತರಬೇತಿ ಕಲಿಸುವುದು ಮೂರೇ ಸಂಗತಿ: ಆಳದ ನೀರಿಗೆ ಬಿದ್ದು ಮೇಲೆ ಬರುವುದು, ಒಂದು ನಿಮಿಷ ತೇಲಿರುವುದು, 50 ಮೀಟರ್ ಈಜುವುದು. ನಗರಸಭೆಗಳ ಈಜುಕೊಳಗಳಲ್ಲಿ ದೊಡ್ಡವರಿಗೂ ಈಜು ತರಗತಿಗಳಿವೆ.

ಹೊರಡುವ ಮುನ್ನ

* ಟೊರೊಂಟೊ ನಗರ ಬೇಸಿಗೆಯಲ್ಲಿ ಬೀಚುಗಳ ನೀರನ್ನು ಪರೀಕ್ಷಿಸಿ ಫಲಿತಾಂಶ ಪ್ರಕಟಿಸುತ್ತದೆ. 100 ಮಿ.ಲೀ. ನೀರಿನಲ್ಲಿ ಇ-ಕೊಲೈ ಸಂಖ್ಯೆ 100 ಮೀರಿದರೆ ಈಜದಿರಲು ಸೂಚಿಸುತ್ತದೆ. ಜೋರು ಮಳೆಯ ಮರುದಿನ ನೀರಿಗಿಳಿಯದಿರುವುದೇ ವಾಸಿ.
* ಸರೋವರದ ತಳದಲ್ಲಿ ಚೂಪಾದ ಚಿಪ್ಪುಗಳಿರುತ್ತವೆ. ನೀರಿನಲ್ಲಿ ಹಾಕುವ ಚಪ್ಪಲಿ ಇರಲಿ.
* ಮೀನು ಹಿಡಿಯಲು ಪರವಾನಗಿ ನಿಯಮವಿದೆ. ಕರಾವಳಿಯವರು ಗಾಳ ಹಾಕುವ ಮೊದಲು ವಿಚಾರಿಸಿಕೊಳ್ಳಿ.
* ಪ್ರವಾಸಕ್ಕೆ ಬಂದ ಅಪ್ಪ-ಅಮ್ಮನಿಗೆ ಒಂಟಾರಿಯೊದ ಸರ್ಕಾರಿ ಆರೋಗ್ಯ ವಿಮೆ ಅನ್ವಯಿಸದು. ಅವರ ವಿಮೆಯ ಕಾಗದದ ಫೋಟೊ, ದಿನದ ಮಾತ್ರೆಗಳು ಚೀಲದಲ್ಲಿರಲಿ.
* ತುರ್ತು ಕರೆಗೆ 911.

ಊರಲ್ಲಿರುವ ಅಪ್ಪ-ಅಮ್ಮಂದಿರು ಭಾನುವಾರದ ವಿಡಿಯೊ ಕಾಲ್‌ನಲ್ಲಿ 'ಊಟ ಆಯ್ತಾ?' ಎಂದು ಕೇಳುವುದು ಇದ್ದದ್ದೇ. ಈ ಬೇಸಿಗೆಯಲ್ಲಿ ಅದರ ಜೊತೆಗೆ ಇನ್ನೊಂದು ಮಾತು ಸೇರಿಸಿ: 'ನೀರಿಗೆ ಇಳಿಯೋದಾದ್ರೆ ಲೈಫ್‌ಗಾರ್ಡ್ ಇರೋ ಕಡೆನೇ ಇಳಿ, ಒಬ್ಬನೇ ಹೋಗಬೇಡ.'