ನಿಮಗಿದು ಗೊತ್ತೆ? ಧರಣಿಗೆ ವಾಕಿಟಾಕಿ ತಂದ ಸಲಿಂಗಿಗಳು!

ಚಿಕ್ಕಬಳ್ಳಾಪುರದಲ್ಲಿ 'ಕರ್ನಾಟಕ ವಿಕಲಚೇತನರ ಸಂಘಟನೆ' ಕಟ್ಟಿದ ಕಿರಣ್ ನಾಯಕ್ ಒಬ್ಬ ಟ್ರಾನ್ಸ್‌ಪುರುಷ. ಸ್ವತಃ ವಿಕಲಚೇತನರು.

ಲೈಂಗಿಕ ಅಲ್ಪಸಂಖ್ಯಾತರ ಮತ್ತು ವಿಕಲಚೇತನರ ಹೋರಾಟಗಳ ಈ ನಂಟು ಹಳೆಯದು. 1977ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ನೂರಕ್ಕೂ ಹೆಚ್ಚು ವಿಕಲಚೇತನರು, ಅವರ ಬೆಂಬಲಿಗರು ಸರ್ಕಾರಿ ಕಚೇರಿಯೊಳಗೇ ಧರಣಿ ಕೂತರು. ಮೂರು ವಾರ ದಾಟಿದರೂ ಕದಲಲಿಲ್ಲ. ಮುಂಚೂಣಿಯಲ್ಲಿದ್ದ ಕಿಟ್ಟಿ ಕೋನ್ ಸಲಿಂಗಿ ಮಹಿಳೆ, ಗಾಲಿಕುರ್ಚಿ ಬಳಸುತ್ತಿದ್ದವರು. ಅಧಿಕಾರಿಗಳು ಫೋನ್ ಸಂಪರ್ಕ ಕಡಿದಾಗ ಗುಟ್ಟಾಗಿ ಒಳಗೆ ವಾಕಿಟಾಕಿ ಸಾಗಿಸಿದ್ದು ಸಲಿಂಗಿ ಪುರುಷರ 'ಬಟರ್‌ಫ್ಲೈ ಬ್ರಿಗೇಡ್'.

ಕೊನೆಗೆ ಧರಣಿಯ ಬೇಡಿಕೆ ಈಡೇರಿತು: ಸರ್ಕಾರದ ಹಣ ಪಡೆಯುವ ಶಾಲೆ, ಆಸ್ಪತ್ರೆಗಳು ವಿಕಲಚೇತನರನ್ನು ಹೊರಗಿಡುವಂತಿಲ್ಲ ಎಂಬ ನಿಯಮಗಳಿಗೆ ಏಪ್ರಿಲ್ 28ರಂದು ಸಹಿ ಬಿತ್ತು.